ಮಾತ್ರೆಗೆ ಜಗ್ಗದ ಲೋಳೆ

"ಡಾಕ್ಟ್ರೇ, ಕ್ಲೀನಿಂಗ್ ಎಲ್ಲಾ ಬೇಡ. ಹೋದ ಸಲದ ಮಾತ್ರೆನೇ ಇನ್ನೊಮ್ಮೆ ಬರೆದುಕೊಡಿ."

ಮುಂಬೈ ಹತ್ತಿರದ ಡೊಂಬಿವಲಿಯ ನನ್ನ ದಂತ ಕ್ಲಿನಿಕ್ಕಿಗೆ ಬರುವ ಕನ್ನಡದವರಲ್ಲಿ ಈ ಮಾತು ಮಾಮೂಲಿ. ಮೊನ್ನೆ ಹೇಳಿದವರು ಹೋಟೆಲಿನ ಗಲ್ಲಾಪೆಟ್ಟಿಗೆ ಮುಂದೆ ಆಯುಷ್ಯ ಕಳೆದ ಹಿರಿಯರು. ಸಕ್ಕರೆ ಕಾಯಿಲೆಯೂ ಇದೆ. ಒಂದೇ ವರ್ಷದಲ್ಲಿ ಮೂರನೇ ಸಲ ವಸಡು ಊದಿತ್ತು.

"ಶೆಟ್ರೇ, ಮನೇಲಿ ನೀರಿನ ಡ್ರಮ್ ಇದೆಯಲ್ವಾ? ಒಳಗೆ ಕೈ ಆಡಿಸಿದ್ರೆ ಜಾರುತ್ತಲ್ಲ, ಆ ಲೋಳೆ ಬರೀ ನೀರು ಸುರಿದ್ರೆ ಹೋಗುತ್ತಾ?"

"ಎಲ್ಲಿ ಹೋಗುತ್ತೆ! ನಾರು ಹಾಕಿ ತಿಕ್ಕಬೇಕು."

ಹಲ್ಲಿನ ಮೇಲೆ ಕೂರುವುದೂ ಅದೇ ಜಾತಿ. ಹೆಸರು ಬಯೋಫಿಲ್ಮ್. ಬ್ಯಾಕ್ಟೀರಿಯಾ ಒಂಟಿಯಾಗಿ ತೇಲುವುದಕ್ಕಿಂತ ಎಲ್ಲಾದರೂ ಅಂಟಿಕೊಂಡು, ಸುತ್ತ ಅಂಟು ಸುರಿಸಿ, ಗುಂಪಾಗಿ ಬಾಳುವುದೇ ಜಾಸ್ತಿ. ಗಂಟೆಗೊಂದು ಸಿಹಿ ಚಹಾ ಕುಡಿದರೆ ಆ ಅಂಟಿಗೆ ಸಾಮಾನನ್ನು ನಾವೇ ಒದಗಿಸಿದ ಹಾಗೆ. ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂಬ ಬಾಯಿಯ ಬ್ಯಾಕ್ಟೀರಿಯಾ ಸಕ್ಕರೆಯಿಂದಲೇ ಗೋಂದು ಮಾಡಿಕೊಳ್ಳುತ್ತದೆ.

ಇದನ್ನು ಮೊದಲು ಕಂಡವನು ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್. 1683ರಲ್ಲಿ ತನ್ನ ಹಲ್ಲಿನ ಸಂದಿಯ ಬಿಳಿ ಹಿಟ್ಟು ಕೆರೆದು, ತಾನೇ ಮಾಡಿದ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಜೀವಿಗಳ ಜಾತ್ರೆ! ಮುಂದೆ ವಿನೆಗರ್‌ನಿಂದ ಬಾಯಿ ಮುಕ್ಕಳಿಸಿಯೂ ನೋಡಿದ. ಹಲ್ಲಿನ ಮೇಲಿದ್ದವು ಬದುಕೇ ಇದ್ದವು. ಅದೇ ಹಿಟ್ಟನ್ನು ಹೊರತೆಗೆದು ವಿನೆಗರ್‌ಗೆ ಕಲಸಿದರೆ ಸತ್ತವು. ಅಂದರೆ ವಿನೆಗರ್ ಒಳಗೆ ಇಳಿಯುತ್ತಿರಲಿಲ್ಲ.

ಮಾತ್ರೆಯ ಪಾಡೂ ಹೆಚ್ಚುಕಮ್ಮಿ ಹಾಗೇ. ಅಂಟಿನಲ್ಲಿ ಔಷಧಿ ನಿಧಾನವಾಗುತ್ತದೆ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ತಳದಲ್ಲಿರುವವಕ್ಕೆ ಊಟ, ಗಾಳಿ ಕಮ್ಮಿ. ಅವು ಬೆಳೆಯದೆ ಸುಮ್ನೆ ಮಲಗಿರುತ್ತವೆ. ಹೆಚ್ಚಿನ ಆಂಟಿಬಯಾಟಿಕ್‌ಗಳು ಹೊಡೆಯುವುದು ಬೆಳೆಯುತ್ತಿರುವ ಜೀವಿಯನ್ನು. ಮಾತ್ರೆ ಮುಗಿದ ಮೇಲೆ ಮಲಗಿದ್ದವು ಎದ್ದು ಮತ್ತೆ ಸಂಸಾರ ಹೂಡುತ್ತವೆ. ಊತ ಹರಡಿ ಜ್ವರ ಬಂದರೆ ನಾನೂ ಮಾತ್ರೆ ಬರೆಯುತ್ತೇನೆ, ಆದರೆ ಕೆರೆಯುವ ಕೆಲಸಕ್ಕೆ ಬದಲಾಗಿ ಅಲ್ಲ.

ವಸಡಿನ ಸೋಂಕು ಬಾಯಿಗೇ ಮುಗಿಯುವುದಿಲ್ಲ. ಅದು ಜೋರಾದರೆ ರಕ್ತದ ಸಕ್ಕರೆ ಹತೋಟಿ ತಪ್ಪುತ್ತದೆ, ಸಕ್ಕರೆ ಏರಿದರೆ ವಸಡು ಇನ್ನೂ ಕೆಡುತ್ತದೆ. ಹೃದಯದಲ್ಲಿ ಕೃತಕ ಕವಾಟ ಇರುವವರಂತೂ ಹುಷಾರಾಗಿರಬೇಕು. ಬಾಯಿಯ ಬ್ಯಾಕ್ಟೀರಿಯಾ ರಕ್ತಕ್ಕಿಳಿದು ಅಲ್ಲೂ ಹೋಗಿ ಅಂಟಬಹುದು.

ಶೆಟ್ರು ಕೊನೆಗೆ ಕುರ್ಚಿ ಹತ್ತಿದರು. ಎರಡು ಸಿಟ್ಟಿಂಗ್ ಬೇಕಾಯಿತು. ಲೋಳೆ ಎಂದೋ ಗಟ್ಟಿಯಾಗಿ ಕಲ್ಲಿನಂಥ ಕಿಟ್ಟವಾಗಿತ್ತು. ಅದು ಬ್ರಷ್ಷಿಗೂ ಬಗ್ಗುವುದಿಲ್ಲ. ಎಲ್ಲಾ ಮುಗಿದ ಮೇಲೆ ಕೆಳಹಲ್ಲಿನ ಹಿಂದೆ ನಾಲಗೆ ಆಡಿಸಿ ಮುಖ ಗಂಟಿಕ್ಕಿದರು.

"ಏನಿದು ಡಾಕ್ಟ್ರೇ, ಸಂದಿಯಲ್ಲಿ ಗಾಳಿ ಹೋಗ್ತಿದೆ! ಹಲ್ಲು ಸವೆಸಿಬಿಟ್ರಾ?"

ಕೆರೆದು ತೆಗೆದ ಕಿಟ್ಟವನ್ನು ಹತ್ತಿಯ ಮೇಲಿಟ್ಟು ತೋರಿಸಿದೆ. "ಗಾಳಿ ಹೋಗ್ತಿರೋದು ಇದು ಕೂತಿದ್ದ ಜಾಗದಲ್ಲಿ ಶೆಟ್ರೇ."