‘ಹಲಾಲ್ ಫ್ರೆಂಡ್ಲಿ’ ಅಂದರೆ ಎಲ್ಲವೂ ಹಲಾಲಾ?

ಪ್ರಶ್ನೆ: ಬಾಗಿಲಲ್ಲಿ ‘ಹಲಾಲ್ ಫ್ರೆಂಡ್ಲಿ’ ಅಂತ ಬರೆದಿರುವ ಹೋಟೆಲಿನಲ್ಲಿ ಮುಸ್ಲಿಂ ಅತಿಥಿಗೆ ಮೆನುವಿನಲ್ಲಿರುವ ಏನನ್ನು ಬೇಕಾದರೂ ತರಿಸಬಹುದಾ?

ಉತ್ತರ: ಇಲ್ಲ, ಸ್ವಲ್ಪ ವಿಚಾರಿಸಬೇಕು. ಹಲಾಲ್ ಅಂದರೆ ಇಸ್ಲಾಂ ಪ್ರಕಾರ ತಿನ್ನಬಹುದಾದದ್ದು. ಹಲಾಲ್ ಸರ್ಟಿಫಿಕೇಟ್ ಪಡೆದ ಹೋಟೆಲ್ ಬೇರೆ, ‘ಫ್ರೆಂಡ್ಲಿ’ ಅಂತ ತಾನೇ ಹೇಳಿಕೊಳ್ಳುವ ಹೋಟೆಲ್ ಬೇರೆ. ಈ ಎರಡನೇ ಮಾತಿಗೆ ಎಲ್ಲರೂ ಒಪ್ಪಿದ ಅರ್ಥವೇ ಇಲ್ಲ. ಒಬ್ಬರು ಕೋಳಿಯನ್ನು ಮಾತ್ರ ಹಲಾಲ್ ಅಂಗಡಿಯಿಂದ ತರಿಸುತ್ತಾರೆ. ಇನ್ನೊಬ್ಬರ ಪ್ರಕಾರ ಹಂದಿ ಮಾಂಸ ಇಲ್ಲದಿದ್ದರೆ ಸಾಕು. ಆದರೆ ಅಷ್ಟು ಸಾಲದು. ಕುರಿ, ಕೋಳಿಯನ್ನೂ ಅಲ್ಲಾಹನ ಹೆಸರು ಹೇಳಿ, ಹರಿತವಾದ ಚಾಕುವಿನಿಂದ ಕತ್ತು ಕೊಯ್ದು, ರಕ್ತ ಹರಿದುಹೋಗಲು ಬಿಟ್ಟಿರಬೇಕು.

ಮಾಂಸ ಸರಿಯಾಗಿದ್ದರೂ ಅಡುಗೆಮನೆಯಲ್ಲಿ ಎಡವಟ್ಟಾಗಬಹುದು. ಒಮ್ಮೆ ಮುಸ್ಲಿಂ ಗೆಳೆಯನ ಜೊತೆ ಊಟಕ್ಕೆ ಹೋಗಿದ್ದೆ. ಸುಮ್ನೆ ರಗಳೆ ಯಾಕೆ ಅಂತ ಅವನು ಆಲೂಗಡ್ಡೆ ಫ್ರೈ ಹೇಳಿದ. ಅರ್ಧ ತಿಂದ ಮೇಲೆ ಗೊತ್ತಾಯಿತು, ಹಂದಿ ಮಾಂಸ ಕರಿಯುವುದೂ ಅದೇ ಎಣ್ಣೆಯಲ್ಲಿ! ಸುಡುವ ಕಂಬಿ, ಇಕ್ಕಳ, ಕತ್ತರಿಸುವ ಮಣೆಯದೂ ಇದೇ ಕಥೆ. ಸಾಸ್‌ಗೆ ವೈನ್ ಬಿದ್ದಿರಬಹುದು. ಪುಡ್ಡಿಂಗ್ ಗಟ್ಟಿಯಾಗಲು ಹಾಕುವ ಜಿಲಾಟಿನ್ ಹಂದಿಯದ್ದಾಗಿರಬಹುದು. ಹಾಗಾಗಿ ‘ವೆಜ್ ತಾನೇ’ ಅಂದುಕೊಂಡು ನಿರಾಳವಾಗಿ ಕೂರುವಂತಿಲ್ಲ.

ಮೀನಿಗೆ ಕೊಯ್ಯುವ ವಿಧಿ ಬೇಕಿಲ್ಲ. ಆದರೆ ಸಮುದ್ರದಿಂದ ಬಂದದ್ದೆಲ್ಲ ಎಲ್ಲರಿಗೂ ಆಗುವುದಿಲ್ಲ. ಸುನ್ನಿ ಮುಸ್ಲಿಮರಲ್ಲೇ ಬೇರೆ ಬೇರೆ ಪಂಥಗಳಿವೆ: ಶಾಫಿ ಪಂಥದವರು ಸ್ಕ್ವಿಡ್ ತಿನ್ನುತ್ತಾರೆ, ಹನಫಿ ಪಂಥದವರು ಸಾಮಾನ್ಯವಾಗಿ ತಿನ್ನುವುದಿಲ್ಲ. ಸರ್ಟಿಫಿಕೇಟ್ ಕೊಡುವವರಲ್ಲೂ ಒಮ್ಮತ ಇಲ್ಲ. ಬ್ರಿಟನ್ನಿನಲ್ಲಿ ಸರ್ಟಿಫಿಕೇಟ್ ಕೊಡುವ ಎಚ್‌ಎಂಸಿ (ಹಲಾಲ್ ಮಾನಿಟರಿಂಗ್ ಕಮಿಟಿ) ಸಂಸ್ಥೆ, ಕೊಯ್ಯುವ ಮೊದಲು ಪ್ರಾಣಿಯ ಪ್ರಜ್ಞೆ ತಪ್ಪಿಸುವುದನ್ನು ಒಪ್ಪುವುದಿಲ್ಲ. ಅಲ್ಲಿನದೇ ಎಚ್‌ಎಫ್‌ಎ (ಹಲಾಲ್ ಫುಡ್ ಅಥಾರಿಟಿ), ಅದರಿಂದ ಪ್ರಾಣಿ ಸಾಯುವುದಿಲ್ಲ ಅಂತಾದರೆ ಒಪ್ಪುತ್ತದೆ. ನಿಮ್ಮ ಅತಿಥಿ ಯಾವುದನ್ನು ಒಪ್ಪುತ್ತಾರೆ ಅಂತ ಅವರನ್ನೇ ಕೇಳಿ. ಇದರಲ್ಲಿ ಸಂಕೋಚ ಏನು ಬಂತು, ಅಲ್ವಾ?

ಹೋಟೆಲಿನವರನ್ನು ಹೇಗೆ ಕೇಳುವುದು ಅನ್ನುವುದೂ ಮುಖ್ಯ. ‘ಇದು ಹಲಾಲಾ?’ ಅಂದರೆ ‘ಹೌದು ಸಾರ್’ ಅನ್ನುವುದು ವೇಟರ್‌ಗೆ ಸುಲಭ. ಅದರ ಬದಲು ‘ಮಟನ್ ಎಲ್ಲಿಂದ ತರಿಸ್ತೀರಿ? ಇದನ್ನು ಬೇರೆ ಎಣ್ಣೆಯಲ್ಲಿ ಕರೀತೀರಾ?’ ಅಂತ ಕೇಳಿ. ‘ತಡೀರಿ, ಒಳಗೆ ಕೇಳಿ ಬರ್ತೀನಿ’ ಅಂತ ಹೋಗುವವನ ಮೇಲೆ ನನಗೆ ಜಾಸ್ತಿ ನಂಬಿಕೆ. ಗೋಡೆ ಮೇಲೆ ಸರ್ಟಿಫಿಕೇಟ್ ತೂಗುಹಾಕಿದ್ದರೆ ಅದರ ಅವಧಿ ಮುಗಿದಿದೆಯಾ, ವಿಳಾಸ ಅದೇ ಶಾಖೆಯದ್ದಾ ಅಂತ ನೋಡಿ. ಮುಖ್ಯ ಶಾಖೆಯ ಪ್ರತಿಯನ್ನೇ ಎಲ್ಲ ಕಡೆ ಅಂಟಿಸಿರುವುದೂ ಉಂಟು.

ಇನ್ನೊಂದು ಮಾತು. ಇದನ್ನೆಲ್ಲ ಊಟದ ರಶ್ ಹೊತ್ತಿನಲ್ಲಿ ಕೇಳಬೇಡಿ. ಮಧ್ಯಾಹ್ನ ನಾಲ್ಕರ ಸುಮಾರಿಗೆ ಫೋನ್ ಮಾಡಿದರೆ ಅಡುಗೆಯವರೇ ಮಾತಿಗೆ ಸಿಕ್ಕಾರು.