ಮೊದಲ ದಿನದ ರಿಪೋರ್ಟ್ ನಾರ್ಮಲ್ ಇದ್ದರೂ ಮನೆಗೆ ಕಳಿಸುವುದಿಲ್ಲವೇಕೆ?

ಪ್ರಶ್ನೆ: ನಮ್ಮ ಮನೆಯವರೊಬ್ಬರು ಪ್ಯಾರಾಸಿಟಮಾಲ್ ಮಾತ್ರೆಗಳನ್ನು ಅಳತೆ ಮೀರಿ ನುಂಗಿದ್ದಾರೆ. ಕೆಲವೇ ಗಂಟೆಗಳಲ್ಲಿ ಆಸ್ಪತ್ರೆಗೆ ಸೇರಿಸಿದೆವು. ರಕ್ತಪರೀಕ್ಷೆಯಲ್ಲಿ ಲಿವರ್ ಸರಿಯಾಗಿದೆ ಎಂದು ಬಂದಿದೆ, ಅವರೂ ಎದ್ದು ಕುಳಿತು ಮಾತನಾಡುತ್ತಿದ್ದಾರೆ. ಆದರೂ ವೈದ್ಯರು ಡ್ರಿಪ್ ಹಾಕಿ ಉಳಿಸಿಕೊಂಡಿದ್ದಾರೆ. ವಿಷವೇರಿದ್ದರೆ ರಕ್ತದಲ್ಲಿ ಕಾಣಬೇಕಿತ್ತಲ್ಲವೇ?

ಉತ್ತರ: ದಯವಿಟ್ಟು ಅವರನ್ನು ಮನೆಗೆ ಕರೆದೊಯ್ಯುವ ಯೋಚನೆ ಮಾಡಬೇಡಿ. ವೈದ್ಯರು ಮಾಡುತ್ತಿರುವುದು ಸರಿಯಾಗಿದೆ. ಈ ವಿಷದ ಮಟ್ಟಿಗೆ ಮೊದಲ ದಿನದ ನೆಮ್ಮದಿಯನ್ನು ನಂಬುವಂತಿಲ್ಲ.

ನೀವು ನೋಡಿದ ರಿಪೋರ್ಟಿನಲ್ಲಿ ಎಎಲ್‌ಟಿ ಅಥವಾ ಎಸ್‌ಜಿಪಿಟಿ ಎಂಬ ಹೆಸರಿನ ಮುಂದೆ ಒಂದು ಸಂಖ್ಯೆ ಇರುತ್ತದೆ. ಇದು ಯಕೃತ್ತಿನ ಜೀವಕೋಶಗಳ ಒಳಗೆ ಕೆಲಸ ಮಾಡುವ ಕಿಣ್ವ. ಕೋಶ ಒಡೆದಾಗ ಅದು ರಕ್ತಕ್ಕೆ ಸೋರುತ್ತದೆ. ಅಂದರೆ ಆ ಸಂಖ್ಯೆ ಏರುವುದು ಕೋಶಗಳು ಸಾಯತೊಡಗಿದ ಮೇಲೆ. ಮುಂದೆ ಸಾಯಲಿರುವ ಕೋಶಗಳ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಒಳಗೆ ನಡೆಯುವುದು ಹೀಗೆ. ನಾವು ನುಂಗಿದ ಪ್ಯಾರಾಸಿಟಮಾಲ್‌ನ ಬಹುಪಾಲನ್ನು ಯಕೃತ್ತು ನಿರಪಾಯಕಾರಿ ರೂಪಕ್ಕೆ ತಂದು ಮೂತ್ರದಲ್ಲಿ ಹೊರಹಾಕುತ್ತದೆ. ಸಣ್ಣದೊಂದು ಪಾಲು ಮಾತ್ರ ನ್ಯಾಪ್ಕಿ ಎಂಬ ಉಗ್ರ ವಸ್ತುವಾಗಿ ಮಾರ್ಪಡುತ್ತದೆ. ಕೋಶದಲ್ಲಿರುವ ಗ್ಲುಟಾಥಯೋನ್ ಎಂಬ ರಕ್ಷಕ ವಸ್ತು ಅದನ್ನು ಹುಟ್ಟಿದ ಕೂಡಲೇ ಹಿಡಿದು ಸುಮ್ಮನಾಗಿಸುತ್ತದೆ. ವೈದ್ಯರು ಹೇಳಿದ ಪ್ರಮಾಣದಲ್ಲಿ ಈ ಮಾತ್ರೆ ಸುರಕ್ಷಿತವಾಗಿರುವುದು ಇದರಿಂದಲೇ. ಪ್ರಮಾಣ ಮೀರಿದಾಗ ಮಾಮೂಲು ದಾರಿಗಳು ತುಂಬಿಹೋಗುತ್ತವೆ, ನ್ಯಾಪ್ಕಿ ಹೆಚ್ಚುತ್ತದೆ, ಗ್ಲುಟಾಥಯೋನ್ ದಾಸ್ತಾನು ಕರಗುತ್ತದೆ. ಅದು ತಳ ಮುಟ್ಟಿದ ಮೇಲೆ ನ್ಯಾಪ್ಕಿ ಕೋಶದ ಪ್ರೋಟೀನುಗಳಿಗೇ ಅಂಟಿಕೊಂಡು ಅವನ್ನು ಕೆಡಿಸುತ್ತದೆ. ಇಷ್ಟೆಲ್ಲ ಆಗಲು ಹೊತ್ತು ಬೇಕು. ಮೊದಲ 24 ಗಂಟೆಗಳಲ್ಲಿ ಸ್ವಲ್ಪ ವಾಕರಿಕೆ ಇರಬಹುದು, ಅದೂ ಇಲ್ಲದಿರಬಹುದು. ಎಎಲ್‌ಟಿ ಸಾಮಾನ್ಯವಾಗಿ ಎರಡನೆಯ ದಿನ ಏರತೊಡಗಿ, ಮೂರು ನಾಲ್ಕನೆಯ ದಿನ ತುದಿ ಮುಟ್ಟುತ್ತದೆ.

ಹಾಗಾದರೆ ಮೊದಲ ದಿನ ಯಾವುದನ್ನು ನಂಬಬೇಕು? ರಕ್ತದಲ್ಲಿರುವ ಪ್ಯಾರಾಸಿಟಮಾಲ್‌ನ ಮಟ್ಟವನ್ನೇ. ಒಂದೇ ಸಲ ನುಂಗಿದ್ದರೆ, ಕನಿಷ್ಠ 4 ಗಂಟೆ ಕಳೆದ ಮೇಲೆ ರಕ್ತ ತೆಗೆಯಬೇಕು. ಅದಕ್ಕಿಂತ ಮುಂಚೆ ಔಷಧಿ ಇನ್ನೂ ಹೊಟ್ಟೆಯಿಂದ ರಕ್ತಕ್ಕೆ ಇಳಿಯುತ್ತಿರುವುದರಿಂದ ಸಂಖ್ಯೆ ದಾರಿ ತಪ್ಪಿಸಬಹುದು. 1975ರಲ್ಲಿ ರುಮ್ಯಾಕ್ ಮತ್ತು ಮ್ಯಾಥ್ಯೂ ಎಂಬ ಇಬ್ಬರು ವೈದ್ಯರು ರೂಪಿಸಿದ ನಕ್ಷೆ ಇಂದಿಗೂ ಬಳಕೆಯಲ್ಲಿದೆ. ಅಡ್ಡಗೆರೆಯಲ್ಲಿ ಕಳೆದ ಗಂಟೆಗಳು, ಉದ್ದಗೆರೆಯಲ್ಲಿ ರಕ್ತದ ಮಟ್ಟ. ರೋಗಿಯ ಬಿಂದು ಚಿಕಿತ್ಸಾ ಗೆರೆಯನ್ನು ಮುಟ್ಟಿದರೆ ಅಥವಾ ಅದಕ್ಕಿಂತ ಎತ್ತರದಲ್ಲಿ ಬಿದ್ದರೆ, ಎಎಲ್‌ಟಿ ಎಷ್ಟೇ ಚೆನ್ನಾಗಿದ್ದರೂ ಮದ್ದು ಶುರು ಮಾಡಲೇಬೇಕು. ಎರಡು ಮೂರು ದಿನ ಹಲ್ಲುನೋವಿಗೋ ಜ್ವರಕ್ಕೋ ಬೇರೆ ಬೇರೆ ಹೆಸರಿನ ಮಾತ್ರೆಗಳನ್ನು ನುಂಗುತ್ತಾ, ಎಲ್ಲದರಲ್ಲೂ ಪ್ಯಾರಾಸಿಟಮಾಲ್ ಇದೆಯೆಂದು ತಿಳಿಯದೆ ಮಿತಿ ದಾಟಿದವರಿಗೆ ಈ ನಕ್ಷೆ ಅನ್ವಯಿಸುವುದಿಲ್ಲ. ಅಲ್ಲಿ ಔಷಧಿಯ ಮಟ್ಟ ಮತ್ತು ಎಎಲ್‌ಟಿ ಎರಡನ್ನೂ ಒಟ್ಟಿಗೆ ನೋಡಿ ತೀರ್ಮಾನಿಸುತ್ತಾರೆ.

ಡ್ರಿಪ್‌ನಲ್ಲಿ ಹೋಗುತ್ತಿರುವುದು ಬಹುತೇಕ ಎನ್-ಅಸಿಟೈಲ್‌ಸಿಸ್ಟೀನ್. ಬರಿದಾಗುತ್ತಿರುವ ಗ್ಲುಟಾಥಯೋನ್ ಅನ್ನು ಮತ್ತೆ ಕಟ್ಟಲು ಬೇಕಾದ ಸಾಮಗ್ರಿಯನ್ನು ಅದು ಒದಗಿಸುತ್ತದೆ. ಮಾತ್ರೆ ನುಂಗಿದ 8 ಗಂಟೆಯೊಳಗೆ ಆರಂಭಿಸಿದರೆ ಯಕೃತ್ತಿಗೆ ತೀವ್ರ ಹಾನಿಯಾಗುವುದು ಅಪರೂಪ. ತಡವಾದರೂ ಪ್ರಯೋಜನವಿದೆ, ಆದರೆ ರಕ್ಷಣೆ ಕಡಿಮೆಯಾಗುತ್ತಾ ಹೋಗುತ್ತದೆ. ವೈದ್ಯಶಾಸ್ತ್ರದಲ್ಲಿ ಇಷ್ಟು ಒಳ್ಳೆಯ ಪ್ರತಿವಿಷ ಇರುವ ವಿಷಗಳು ಹೆಚ್ಚಿಲ್ಲ. ರಿಪೋರ್ಟ್ ಕೆಡುವವರೆಗೆ ಕಾದು ಅದನ್ನು ಕಳೆದುಕೊಳ್ಳುವುದು ನನಗೆ ಅತ್ಯಂತ ನೋವಿನ ಸಂಗತಿ.

ಮುಂದಿನ ದಿನಗಳಲ್ಲಿ ಮತ್ತೆ ಮತ್ತೆ ರಕ್ತ ತೆಗೆಯುತ್ತಾರೆ, ಬೇಸರಿಸಬೇಡಿ. ಎಎಲ್‌ಟಿಗಿಂತ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆ) ಕಡೆಗೆ ಹೆಚ್ಚು ಗಮನವಿರಲಿ. ರಕ್ತ ಹೆಪ್ಪುಗಟ್ಟಲು ಬೇಕಾದ ಅಂಶಗಳನ್ನು ತಯಾರಿಸುವುದು ಯಕೃತ್ತೇ. ಅವುಗಳಲ್ಲಿ ಒಂದಾದ ಏಳನೆಯ ಅಂಶ ಕೆಲವೇ ಗಂಟೆಗಳಲ್ಲಿ ಅರ್ಧಕ್ಕಿಳಿಯುತ್ತದೆ. ಆದ್ದರಿಂದ ಯಕೃತ್ತು ಕೆಲಸ ನಿಲ್ಲಿಸುತ್ತಿದ್ದರೆ ಐಎನ್‌ಆರ್ ಬೇಗ ಏರುತ್ತದೆ. ಎಎಲ್‌ಟಿ ಇಳಿಯುತ್ತಾ ಐಎನ್‌ಆರ್ ಕೂಡ ಇಳಿದರೆ ಚೇತರಿಕೆ. ಎಎಲ್‌ಟಿ ಇಳಿದು ಐಎನ್‌ಆರ್ ಏರುತ್ತಿದ್ದರೆ, ಸೋರಲು ಉಳಿದ ಕೋಶಗಳೇ ಕಡಿಮೆಯಾಗುತ್ತಿವೆ ಎಂದಾಗಬಹುದು. ಜೊತೆಗೆ ಸಕ್ಕರೆ, ಲ್ಯಾಕ್ಟೇಟ್, ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನೈನ್ ಮತ್ತು ರಕ್ತದ ಆಮ್ಲೀಯತೆಯನ್ನೂ ನೋಡುತ್ತಾರೆ. ಸೋತ ಯಕೃತ್ತು ಸಕ್ಕರೆಯನ್ನು ಬಿಡುಗಡೆ ಮಾಡಲಾರದು, ಲ್ಯಾಕ್ಟೇಟನ್ನು ತೆಗೆದುಹಾಕಲಾರದು.

ಮೊದಲೇ ಕೊಬ್ಬು ತುಂಬಿದ ಯಕೃತ್ತು ಇರುವವರಲ್ಲಿ ಎಎಲ್‌ಟಿ ವರ್ಷಗಳಿಂದಲೇ ಸ್ವಲ್ಪ ಹೆಚ್ಚಿರಬಹುದು. ಹಳೆಯ ರಿಪೋರ್ಟ್ ಇದ್ದರೆ ತೋರಿಸಿ, ಹೊಸ ಏರಿಕೆಯನ್ನು ಗುರುತಿಸಲು ಅದು ನೆರವಾಗುತ್ತದೆ. ದಿನಗಟ್ಟಲೆ ಊಟ ಬಿಟ್ಟವರು, ಅಪೌಷ್ಟಿಕತೆ ಇರುವವರು ಮತ್ತು ದೀರ್ಘಕಾಲದಿಂದ ಮದ್ಯ ಸೇವಿಸುವವರಲ್ಲಿ ಗ್ಲುಟಾಥಯೋನ್ ಮೊದಲೇ ಕಡಿಮೆ ಇರುವುದರಿಂದ ಅದನ್ನೂ ಮುಚ್ಚಿಡಬೇಡಿ.

ಮೊದಲ ಗಂಟೆಗಳ ಇಂಥ ಮೌನ ಬೇರೆ ವಿಷಗಳಲ್ಲೂ ಉಂಟು. ಮೆಥನಾಲ್ ಎಂಬ ವಿಷಕಾರಿ ಮದ್ಯಸಾರ ಕುಡಿದವರ ರಕ್ತ ಆರಂಭದಲ್ಲಿ ಆಮ್ಲೀಯವಾಗಿರುವುದಿಲ್ಲ. ಮೆಥನಾಲ್ ನಿಧಾನವಾಗಿ ಫಾರ್ಮಿಕ್ ಆಮ್ಲವಾಗಿ ಮಾರ್ಪಟ್ಟ ಮೇಲಷ್ಟೇ ಆಮ್ಲೀಯತೆ ಹೆಚ್ಚಿ ಕಣ್ಣಿನ ನರ ಹಾಳಾಗುತ್ತದೆ. ಕಾರ್ಬನ್ ಮಾನಾಕ್ಸೈಡ್ ಸೇವಿಸಿದವರ ಬೆರಳಿಗೆ ಹಾಕುವ ಆಕ್ಸಿಮೀಟರ್ ಚೆನ್ನಾದ ಸಂಖ್ಯೆಯನ್ನೇ ತೋರಿಸಬಹುದು, ಏಕೆಂದರೆ ಆ ಅನಿಲ ಅಂಟಿದ ಹಿಮೋಗ್ಲೋಬಿನ್ ಅನ್ನು ಅದು ಆಮ್ಲಜನಕ ಅಂಟಿದ್ದೆಂದೇ ಓದುತ್ತದೆ.

ಇನ್ನೂ ಬೇಗ ಎಚ್ಚರಿಸುವ ಗುರುತುಗಳಿಗಾಗಿ ಸಂಶೋಧನೆ ನಡೆಯುತ್ತಿದೆ. ಯಕೃತ್ತಿನಲ್ಲಿ ಹೇರಳವಾಗಿರುವ ಮೈಕ್ರೋ ಆರ್‌ಎನ್‌ಎ-122 ಎಂಬ ಪುಟ್ಟ ಅಣು, ಎಎಲ್‌ಟಿ ಇನ್ನೂ ನಾರ್ಮಲ್ ಇದ್ದ ರೋಗಿಗಳಲ್ಲಿ ಆಸ್ಪತ್ರೆಗೆ ಬಂದ ಹೊತ್ತಿಗೇ ಏರಿದ್ದು, ಅವರಿಗೆ ಮುಂದೆ ಹಾನಿ ಕಾಣಿಸಿಕೊಂಡದ್ದು ಅಧ್ಯಯನಗಳಲ್ಲಿ ದಾಖಲಾಗಿದೆ. ಇದು ಇನ್ನೂ ದಿನನಿತ್ಯದ ಪರೀಕ್ಷೆಯಾಗಿಲ್ಲ.

ಸದ್ಯಕ್ಕೆ ನೀವು ಮಾಡಬಹುದಾದದ್ದು: ಮಾತ್ರೆ ನುಂಗಿದ ಸಮಯವನ್ನು ಆದಷ್ಟು ನಿಖರವಾಗಿ ತಿಳಿಸಿ, ಮಾತ್ರೆಗಳ ಖಾಲಿ ಸ್ಟ್ರಿಪ್ಪುಗಳನ್ನೆಲ್ಲ ತಂದು ಕೊಡಿ. ಬೇಕೆಂದೇ ನುಂಗಿದ್ದರೆ ಅದನ್ನೂ ಸಂಕೋಚವಿಲ್ಲದೆ ಹೇಳಿ. ಆಗ ಮನೋವೈದ್ಯರ ನೆರವೂ ಈ ಚಿಕಿತ್ಸೆಯ ಭಾಗವಾಗುತ್ತದೆ, ಅವರನ್ನು ಒಂಟಿಯಾಗಿ ಬಿಡಬೇಡಿ. ಬಿಡುಗಡೆಯ ಮಾತು ಬಂದಾಗ ಕೊನೆಯ ಎಎಲ್‌ಟಿ, ಐಎನ್‌ಆರ್ ಎಷ್ಟು, ರಕ್ತದಲ್ಲಿ ಪ್ಯಾರಾಸಿಟಮಾಲ್ ಇನ್ನೂ ಉಳಿದಿದೆಯೇ ಎಂದು ವೈದ್ಯರನ್ನು ಕೇಳಿ.