‘ಪಾಸ್ ಆನ್’ ಬದಲು ಯಾವ ಪದ ಬಳಸಲಿ?

ಓದುಗರ ಪ್ರಶ್ನೆ: ಆಫೀಸಿನಲ್ಲಿ ದಿನಾ ಇಂಗ್ಲಿಷ್‌ನಲ್ಲಿ ಇಮೇಲ್ ಬರೆಯಬೇಕು. ಫೈಲ್ ಕಳಿಸಿದರೂ ‘ಪಾಸ್ ಆನ್’, ಸುದ್ದಿ ಮುಟ್ಟಿಸಿದರೂ ‘ಪಾಸ್ ಆನ್’, ಕೆಲಸ ಒಪ್ಪಿಸಿದರೂ ಅದೇ. ಹುಡುಕಿದರೆ ಫಾರ್ವರ್ಡ್, ಕನ್ವೇ, ರಿಲೇ, ಟ್ರಾನ್ಸ್‌ಫರ್, ಟ್ರಾನ್ಸ್‌ಮಿಟ್, ಹ್ಯಾಂಡ್ ಓವರ್ ಅಂತ ಉದ್ದ ಪಟ್ಟಿ ಸಿಗುತ್ತದೆ. ಎಲ್ಲದಕ್ಕೂ ಒಂದೇ ಅರ್ಥವೇ? ಯಾವುದನ್ನು ಎಲ್ಲಿ ಬಳಸಲಿ?

ಒಂದೇ ಅರ್ಥ ಅಲ್ಲ. ಆ ಪಟ್ಟಿಯನ್ನು ಬಾಯಿಪಾಠ ಮಾಡಿದರೆ ಗೊಂದಲ ಜಾಸ್ತಿ ಆಗುತ್ತದೆ. ಅದರ ಬದಲು, ಬರೆಯುವ ಮೊದಲು ಎರಡು ವಿಷಯ ನೋಡಿಕೊಳ್ಳಿ. ದಾಟಿಸಿದ ಮೇಲೂ ಅದು ನಿಮ್ಮ ಹತ್ತಿರ ಉಳಿಯುತ್ತದಾ? ಹೋಗುವಾಗ ಅದರ ರೂಪ ಬದಲಾಗುತ್ತದಾ? ಇಷ್ಟು ಗೊತ್ತಾದರೆ ಮುಕ್ಕಾಲು ಪಾಲು ಪದಗಳು ತಾವೇ ಜಾಗ ಹುಡುಕಿಕೊಳ್ಳುತ್ತವೆ.

‘ಫಾರ್ವರ್ಡ್’ ಅಂದರೆ ಬಂದದ್ದನ್ನು ಬಂದ ಹಾಗೇ ಮುಂದಕ್ಕೆ ಕಳಿಸುವುದು. ಒಂದಕ್ಷರವೂ ಬದಲಾಗಿರುವುದಿಲ್ಲ. ವಾಟ್ಸಾಪ್ 2018ರಲ್ಲಿ ಇಂಥ ಸಂದೇಶಗಳ ಮೇಲೆ ‘ಫಾರ್ವರ್ಡೆಡ್’ ಅಂತ ಗುರುತು ಹಾಕಲು ಶುರು ಮಾಡಿತು. ಇದು ಕಳಿಸಿದವರ ಸ್ವಂತ ಬರಹ ಅಲ್ಲ ಅಂತ ಓದುವವರಿಗೆ ಗೊತ್ತಾಗಲಿ ಎಂದೇ ಆ ಗುರುತು. ಹಾಗಾಗಿ ಗ್ರಾಹಕರ ದೂರನ್ನು ನಿಮ್ಮ ಮಾತಿನಲ್ಲಿ ಚುಟುಕಾಗಿ ಬರೆದು ಮ್ಯಾನೇಜರ್‌ಗೆ ಕಳಿಸಿದರೆ ಅದನ್ನು ಫಾರ್ವರ್ಡ್ ಅನ್ನಬೇಡಿ. ಮೂಲ ಪತ್ರ ಎಲ್ಲಿ ಅಂತ ಅವರು ಹುಡುಕುತ್ತಾ ಕೂರುತ್ತಾರೆ.

‘ಕನ್ವೇ’ಗೆ ತಿರುಳು ಮುಖ್ಯ. ಮಾತು ಬದಲಾದರೂ ಭಾವ ತಲುಪಬೇಕು. ಕೃತಜ್ಞತೆ, ಸಂತಾಪ, ಅಸಮಾಧಾನ, ನಿರ್ಧಾರ, ಇವೆಲ್ಲ ಕನ್ವೇ ಆಗುತ್ತವೆ. ‘ಪ್ಲೀಸ್ ಕನ್ವೇ ಮೈ ಕಂಡೋಲೆನ್ಸಸ್ ಟು ದ ಫ್ಯಾಮಿಲಿ’ ಅಂದರೆ ಅದೇ ವಾಕ್ಯವನ್ನು ಒಪ್ಪಿಸಿ ಅಂತಲ್ಲ, ನನ್ನ ದುಃಖವನ್ನು ಮನೆಯವರಿಗೆ ಮುಟ್ಟಿಸಿ ಅಂತ. ಸಾಮಾನು ಸಾಗಿಸುವುದಕ್ಕೂ ಈ ಪದ ಉಂಟು. ಕಾರ್ಖಾನೆಯ ಕನ್ವೇಯರ್ ಬೆಲ್ಟ್, ಸಂಬಳದ ಜೊತೆ ಬರುವ ಕನ್ವೇಯನ್ಸ್ ಅಲೋಯನ್ಸ್ ಎರಡೂ ಅದರದ್ದೇ ಬಳಗ. ಆದರೆ ಇಮೇಲ್‌ನಲ್ಲಿ ಎಕ್ಸೆಲ್ ಫೈಲನ್ನು ಕನ್ವೇ ಮಾಡಲು ಆಗುವುದಿಲ್ಲ. ಅದಕ್ಕೆ ‘ಸೆಂಡ್’ ಸಾಕು. ‘ಸೆಂಡ್’ ಸಣ್ಣ ಪದ ಅಂತ ಯಾರೂ ಸಂಕೋಚ ಪಡಬೇಕಾಗಿಲ್ಲ.

ನಡುವೆ ಒಬ್ಬರು ನಿಂತು ಅಲ್ಲಿಂದ ತೆಗೆದುಕೊಂಡು ಇಲ್ಲಿಗೆ ಕೊಟ್ಟರೆ ಅದು ‘ರಿಲೇ’. ದೆಹಲಿಯಿಂದ ಬರುತ್ತಿದ್ದ ಕನ್ನಡ ವಾರ್ತೆಯನ್ನು ನಮ್ಮ ಆಕಾಶವಾಣಿ ಕೇಂದ್ರಗಳು ರಿಲೇ ಮಾಡುತ್ತಿದ್ದವು. 1912ರಲ್ಲಿ ಟೈಟಾನಿಕ್ ಹಡಗು ಕಳಿಸಿದ ಅಪಾಯದ ಸಂದೇಶವನ್ನು ಕೆನಡಾ ಕಡೆಯ ಕೇಪ್ ರೇಸ್ ವೈರ್‌ಲೆಸ್ ಕೇಂದ್ರ ಕೇಳಿಸಿಕೊಂಡು ಬೇರೆ ಹಡಗುಗಳಿಗೆ ರಿಲೇ ಮಾಡಿತ್ತು. ನಿರ್ದೇಶಕರು ನಿಮಗೆ ಹೇಳಿ, ನೀವು ತಂಡಕ್ಕೆ ಹೇಳಿದಿರಿ ಅಂದರೆ ನೀವೂ ಸಂದೇಶವನ್ನು ರಿಲೇ ಮಾಡಿದಿರಿ. ಸಂದೇಶ ನಿಮ್ಮದಲ್ಲ ಅನ್ನುವುದು ಆ ಪದದಲ್ಲೇ ಇದೆ.

‘ಟ್ರಾನ್ಸ್‌ಮಿಟ್’ ಯಂತ್ರಗಳ, ಅಲೆಗಳ, ರೋಗಗಳ ಪದ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯನ್ನು ಉಣ್ಣೆಗಳು ಮನುಷ್ಯರಿಗೆ ಟ್ರಾನ್ಸ್‌ಮಿಟ್ ಮಾಡುತ್ತವೆ. ದಿನದ ಇಮೇಲ್‌ಗೆ ಈ ಪದ ಬೇಡ.

ಈಗ ನಿಜವಾಗಿ ಎಚ್ಚರ ಬೇಕಾದ ಜಾಗಕ್ಕೆ ಬರೋಣ. ‘ಟ್ರಾನ್ಸ್‌ಫರ್’ ಆದದ್ದು ಹಳೆಯ ಜಾಗದಲ್ಲಿ ಉಳಿಯುವುದಿಲ್ಲ. ಹಣ ಟ್ರಾನ್ಸ್‌ಫರ್ ಮಾಡಿದರೆ ನಿಮ್ಮ ಖಾತೆಯಲ್ಲಿ ಅಷ್ಟು ಕಡಿಮೆಯಾಗುತ್ತದೆ. ಟಿಸಿ ತೆಗೆದುಕೊಂಡ ಮಗು ಆ ಶಾಲೆಯ ಮಗು ಅಲ್ಲ. ಪ್ರತಿ ನಿಮ್ಮಲ್ಲೂ ಉಳಿದರೆ ಅದು ‘ಶೇರ್’. ಫೈಲ್ ವಿಷಯದಲ್ಲಂತೂ ಇದು ದೊಡ್ಡ ವ್ಯತ್ಯಾಸ. ಓನರ್‌ಶಿಪ್ ಟ್ರಾನ್ಸ್‌ಫರ್ ಮಾಡಿದರೆ ಫೈಲ್ ಅವರದ್ದು. ಶೇರ್ ಮಾಡಿದರೆ ನಿಮ್ಮದೇ.

‘ಹ್ಯಾಂಡ್ ಓವರ್’ನಲ್ಲಿ ವಸ್ತುವಿನ ಜೊತೆ ಹೊಣೆಯೂ ಹೋಗುತ್ತದೆ. ಸರ್ಕಾರಿ ಕಚೇರಿಯಲ್ಲಿ ವರ್ಗವಾದವರು ಚಾರ್ಜ್ ಕೊಡುತ್ತಾರಲ್ಲ, ಅದೇ. ‘ಡೆಲಿಗೇಟ್’ ಹಾಗಲ್ಲ. ಕೆಲಸ ಇನ್ನೊಬ್ಬರು ಮಾಡುತ್ತಾರೆ, ಕೊನೆಗೆ ಉತ್ತರ ಕೊಡಬೇಕಾದವರು ನೀವೇ. ರಜೆಗೆ ಹೋಗುವಾಗ ‘ಐ ಹ್ಯಾವ್ ಪಾಸ್ಡ್ ಆನ್ ದ ವರ್ಕ್’ ಅಂತ ಬರೆದರೆ ಇವೆರಡರಲ್ಲಿ ಯಾವುದು ಅಂತ ಯಾರಿಗೂ ತಿಳಿಯುವುದಿಲ್ಲ. ಆ ವಾರ ಏನಾದರೂ ಎಡವಟ್ಟಾದರೆ ಜಗಳ ಶುರುವಾಗುವುದು ಇಲ್ಲೇ. ದಯವಿಟ್ಟು ಈ ಎರಡು ಪದಗಳನ್ನು ಬಿಡಿಸಿ ಬರೆಯಿರಿ. ಹೊಣೆ ತೆಗೆದುಕೊಳ್ಳುವವರಿಗೂ ಅದು ನ್ಯಾಯ.

ತಲೆಮಾರಿನಿಂದ ತಲೆಮಾರಿಗೆ ಬರುವ ಒಡವೆ, ಹಾಡು, ಅಡುಗೆಯ ರೀತಿಗೆ ‘ಹ್ಯಾಂಡ್ ಡೌನ್’ ಅಥವಾ ‘ಪಾಸ್ ಡೌನ್’. ವಿಲ್ ಬರೆದು ಕೊಟ್ಟರೆ ‘ಬಿಕ್ವೀದ್’.

ಪದ ಸರಿಯಾಗಿದ್ದರೂ ವಾಕ್ಯ ತಪ್ಪುವ ಒಂದು ಜಾಗ ಇದೆ. ‘ಪಾಸ್ ಮಿ ದ ಫೈಲ್’, ‘ಸೆಂಡ್ ಮಿ ದ ಫೈಲ್’ ಸರಿ. ‘ಕನ್ವೇ ಮಿ ಯುವರ್ ಡಿಸಿಷನ್’ ತಪ್ಪು. ‘ಕನ್ವೇ ಯುವರ್ ಡಿಸಿಷನ್ ಟು ಮಿ’ ಅನ್ನಬೇಕು. ‘ಟ್ರಾನ್ಸ್‌ಮಿಟ್’ ಕೂಡ ಹೀಗೇ ‘ಟು’ ಕೇಳುತ್ತದೆ. ‘ಎಕ್ಸ್‌ಪ್ಲೇನ್ ಮಿ’ ಅನ್ನುವ ತಪ್ಪೂ ಇದೇ ಜಾತಿಯದು. ‘ನನಗೆ ತಿಳಿಸಿ’ ಅನ್ನುವಾಗ ಕನ್ನಡದ ‘ಗೆ’ ನಾಮಪದಕ್ಕೇ ಅಂಟಿಕೊಂಡಿರುತ್ತದೆ. ಹಾಗಾಗಿ ಇಂಗ್ಲಿಷ್‌ನಲ್ಲಿ ಬೇರೆಯಾಗಿ ‘ಟು’ ಹಾಕುವುದು ನಮಗೆ ಸುಲಭವಾಗಿ ತಪ್ಪಿ ಹೋಗುತ್ತದೆ. ಇನ್ನು ‘ಇಟ್’ ಬಂದರೆ ಅದನ್ನು ನಡುವೆ ಇಡಿ: ‘ಪಾಸ್ ಇಟ್ ಆನ್’, ‘ಹ್ಯಾಂಡ್ ಇಟ್ ಓವರ್’. ‘ಪಾಸ್ ಆನ್ ಇಟ್’ ಅಂದರೆ ಅರ್ಥವೇ ತಿರುಗಿ ‘ಅದು ನನಗೆ ಬೇಡ’ ಅಂತ ಆಗಬಹುದು.

ಹೊರದೇಶದವರಿಗೆ ಬರೆಯುವವರು ಇನ್ನೊಂದೆರಡು ಕಡೆ ನೋಡಿಕೊಳ್ಳಬೇಕು. ಒಬ್ಬ ವ್ಯಕ್ತಿ ‘ಪಾಸ್ಡ್ ಆನ್’ ಅಂದರೆ ತೀರಿಕೊಂಡರು ಅಂತ. ಕಾಲೇಜು ಮುಗಿಸಿದ್ದಕ್ಕೆ ನಾವು ಹೇಳುವ ‘ಪಾಸ್ಡ್ ಔಟ್’ ಅಮೆರಿಕದವರ ಕಿವಿಗೆ ಪ್ರಜ್ಞೆ ತಪ್ಪಿ ಬಿದ್ದರು ಅನ್ನುವಂತೆ ಕೇಳುತ್ತದೆ. ಅಲ್ಲಿ ‘ಗ್ರ್ಯಾಜುಯೇಟೆಡ್’ ಅನ್ನಿ. ನಮ್ಮ ಕಚೇರಿಗಳ ‘ಪ್ಲೀಸ್ ಇಂಟಿಮೇಟ್’ ಕೂಡ ಅವರಿಗೆ ಸೂಚ್ಯವಾಗಿ ಹೇಳಿ ಅನ್ನುವ ಅರ್ಥ ಕೊಡುತ್ತದೆ. ನೇರವಾಗಿ ತಿಳಿಸಬೇಕಿದ್ದರೆ ‘ಇನ್‌ಫಾರ್ಮ್’ ಅಥವಾ ‘ಲೆಟ್ ಅಸ್ ನೋ’ ಸಾಕು.